ಕ್ಯಾತಣ್ಣನ ಫೋನಿಗೆ ಬಿದ್ದ ಕಣ್ಣು

ಪಾಲಾಕ್ಷ: ಲಾಕ್ ತೆಗೀರಿ ಅಂದ್ರೆ ತೆಗೀಬೇಕು ಕ್ಯಾತಣ್ಣ. ಪೊಲೀಸರ ಹತ್ರ ಹಟ ಮಾಡಬಾರ್ದು.

ಕ್ಯಾತಣ್ಣ: ತೆಗೆಯಲ್ಲ, ಹೋಗಪ್ಪ.

ಚಳ್ಳಕೆರೆ ಬಸ್ ನಿಲ್ದಾಣದ ಚಹಾ ಅಂಗಡಿ ಮುಂದೆ ಜನ ಬಂದ ಬಸ್ಸನ್ನೂ ಬಿಟ್ಟು ಇವರನ್ನೇ ನೋಡುತ್ತಿದ್ದರು. ಕ್ಯಾತಣ್ಣ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವನು. ಪಾಲಾಕ್ಷ ಪೊಲೀಸ್ ಕಾನ್‌ಸ್ಟೇಬಲ್. ಅದಕ್ಕಿಂತ ದೊಡ್ಡ ಹುದ್ದೆಯೂ ಅವನಿಗಿದೆ: ಕ್ಯಾತಣ್ಣನ ಎದುರುಮನೆ ನೇಕಾರ ಮಾರಯ್ಯನಿಗೆ ಅವನು ಅಳಿಯ.

ಪಾಲಾಕ್ಷ: ಉಳ್ಳಾರ್ತಿ ಕಾವಲಿನ ಹುಲ್ಲುಗಾವಲಾಗೆ ಗೋಡೆ ಪಕ್ಕ ನಿಂತು ಫೋಟೊ ಹೊಡ್ದೀರಂತೆ. ಅದು ಅಣುಶಕ್ತಿ ಇಲಾಖೆ ಜಾಗ, ಫೋಟೊ ಹೊಡಿಯಂಗಿಲ್ಲ. ನಮಗೆ ಖಚಿತ ಮಾಹಿತಿ ಐತೆ.

ಕ್ಯಾತಣ್ಣ: ಗೋಡೆಗೆ ಬೆನ್ನು ಮಾಡಿ ಹುಲ್ಲಿನ ಕಡೆ ಹೊಡ್ದೀನಿ. ಹೊಸ ಸೆರಗಿನ ನಮೂನೆಗೆ.

ಪಾಲಾಕ್ಷ: ಹಂಗಾದ್ರೆ ತೋರ್ಸಕ್ಕೇನು? ತಪ್ಪು ಮಾಡದೋರಿಗೆ ಯಾಕೆ ಭಯ?

ಕ್ಯಾತಣ್ಣ: ತಪ್ಪು ಮಾಡದೋರೂ ಸ್ನಾನ ಮಾಡುವಾಗ ಬಾಗ್ಲು ಹಾಕ್ಕಂತಾರೆ, ಅಳಿಯಂದ್ರೇ.

ಪಾಲಾಕ್ಷ: ಕಾನೂನು ಗೊತ್ತೈತೇನ್ರಿ ನಿಮಗೆ?

ಕ್ಯಾತಣ್ಣ: ಕಾನೂನು ಅಷ್ಟು ಗೊತ್ತಿಲ್ಲ. ನಿಮ್ಮ ಮಾವ ಚೆನ್ನಾಗಿ ಗೊತ್ತು. ಹೋದ ವರ್ಷ ನಾನು ಮಗ್ಗಕ್ಕೆ ಏರಿಸೋ ಮೊದ್ಲೇ ನನ್ನ ನಮೂನೆ ಅವನ ಸೀರೆ ಮೇಲಿತ್ತು. ಈ ಸಲನೂ ಹೋದ್ರೆ ನನ್ನ ಮಗ್ಗ ಸೌದೆಗೆ ಹಾಕ್ಬೇಕು.

ಕ್ಯಾತಣ್ಣ ಫೋನನ್ನು ಎದೆಗೆ ಒತ್ತಿ ಹಿಡಿದ. ಹೊಟ್ಟೆಪಾಡಿನ ಸಂಕಟ, ನಾಟಕವಲ್ಲ.

ಪಾಲಾಕ್ಷ: ನನ್ನ ಡ್ಯೂಟಿ ಬೇರೆ, ಮಾವನ ಮಗ್ಗ ಬೇರೆ.

ಕ್ಯಾತಣ್ಣ: ಮತ್ತೆ ಮಾಹಿತಿ ಕೊಟ್ಟೋರ್ಯಾರು?

ಪಾಲಾಕ್ಷ: ಅದು ಗೌಪ್ಯ.

ಕ್ಯಾತಣ್ಣ: ನಿಂದು ಗೌಪ್ಯ, ನಂದು ಕಳ್ಳತನ! ಕೋರ್ಟ್ ಆರ್ಡರ್ ತಗಂಬಾ, ನಿಮ್ಮ ಸಾಹೇಬ್ರ ಮುಂದೆ ತೆಗೀತೀನಿ. ನಿನ್ನ ಮುಂದೆ ಮಾತ್ರ ಒಲ್ಲೆ.

ಅಷ್ಟರಲ್ಲಿ ಪಾಲಾಕ್ಷನ ಫೋನ್ ಬಡಿದುಕೊಂಡಿತು. ಕಿವಿಗಿಟ್ಟ. ಆ ಕಡೆ ಮಾರಯ್ಯ. ಆಯುಷ್ಯವೆಲ್ಲ ಮಗ್ಗದ ಸದ್ದಿನ ಮೇಲೆ ಕೂಗಿ ಮಾತಾಡಿದ ಗಂಟಲು, ಅದಕ್ಕೆ ಸ್ಪೀಕರ್ ಬೇಕಿರಲಿಲ್ಲ.

ಮಾರಯ್ಯ: ಏನಪ್ಪಾ, ಸಿಕ್ತಾ? ಸೆರಗಿಗೆ ಜಿಂಕೆ ಹಾಕ್ಯಾನೋ, ಹಕ್ಕಿ ಹಾಕ್ಯಾನೋ? ಬೇಗ ಕಳ್ಸು, ಇಲ್ಲಿ ಮಗ್ಗ ಖಾಲಿ ಐತೆ!

ಚಹಾ ಕುಡಿಯುತ್ತಿದ್ದವರೆಲ್ಲ ಗೊಳ್ಳೆಂದು ನಕ್ಕರು. ಪಾಲಾಕ್ಷ ಗಾಬರಿಯಿಂದ ಕರೆ ಕತ್ತರಿಸಿದ.

ಕ್ಯಾತಣ್ಣ: ಮಾಹಿತಿ ಭಾಳ ಖಚಿತ ಐತೆ ಬಿಡು. ಕೊಡು ನಿನ್ನ ಫೋನು, ಹೋದ ವರ್ಷ ಏನೇನು ಕಳ್ಸಿದ್ದೆ ನೋಡಾನ.

ಪಾಲಾಕ್ಷ ಫೋನನ್ನು ಜೇಬಿಗೆ ತುರುಕಿ ಗುಂಡಿ ಹಾಕಿದ.

ಪಾಲಾಕ್ಷ: ಅದೆಂಗಾಗ್ತೈತ್ರಿ! ನನ್ನ ಫೋನು ನನ್ನ ಖಾಸಗಿ ವಿಷ್ಯ. ಯಾರೂ ಮುಟ್ಟಂಗಿಲ್ಲ. ಸಂವಿಧಾನದಾಗೇ ಐತೆ!

ಕ್ಯಾತಣ್ಣ: ಐತಲ್ಲ? ಅದನ್ನೇ ನಿಮ್ಮ ಮಾವನಿಗೆ ಹೇಳು. ಸ್ವಲ್ಪ ಜೋರಾಗಿ ಹೇಳು, ಮಗ್ಗದ ಸದ್ದಿಗೆ ಅವನ ಕಿವಿ ಮಂದ ಆಗೈತೆ.