ಹಾರದ ಫೋಟೋ ತೆಗೆಯುತ್ತಿದ್ದ ನಮ್ಮ ಮಾಮಾ

ನಮ್ಮ ಮಾಮಾ ಸಂಜೆ ಅಡ್ಡಾಡಲು ಹೊರಟರೆ ಹುಮನಾಬಾದಿನ ಮುದುಕರೆಲ್ಲ ಕಟ್ಟೆ ಬಿಟ್ಟೆದ್ದು ಮನೆಯೊಳಗೆ ಸೇರಿ ಅಗಳಿ ಹಾಕಿಕೊಳ್ಳುತ್ತಿದ್ದರು. ಸುಳ್ಳಲ್ಲ! ಮಾಮಾ ಎಂದರೆ ನಮ್ಮವ್ವನ ತಮ್ಮ. ಮೂವತ್ತು ವರ್ಷ ಬಸ್ ಕಂಡಕ್ಟರಾಗಿದ್ದು ನಿವೃತ್ತರಾದ ಸಾಧು ಮನುಷ್ಯ. ಅವರ ಕೈಯಲ್ಲಿ ಬಡಿಗೆ ಇರಲಿಲ್ಲ, ಬಂದೂಕಂತೂ ಇರಲೇ ಇಲ್ಲ. ಇದ್ದದ್ದು ಸಾಬೂನಿನ ಡಬ್ಬಿಯಷ್ಟು ಒಂದು ಡಿಜಿಟಲ್ ಕ್ಯಾಮೆರಾ. ಎರಡು ಸಾವಿರದ ಐದೋ ಆರೋ ಇರಬೇಕು, ಹೈದರಾಬಾದಿಗೆ ಹೋದಾಗ ಅಂಗಡಿಯಲ್ಲಿ ಇದ್ದುದರಲ್ಲೇ ಅಗ್ಗದ್ದನ್ನು ಆರಿಸಿ ತಂದಿದ್ದರು.

ಕ್ಯಾಮೆರಾಕ್ಕೆ ಯಾರಾದರೂ ಹೆದರುತ್ತಾರೆಯೇ? ನಮ್ಮ ಕಡೆ ಹೆದರುತ್ತಾರೆ. ವಯಸ್ಸಾದವರನ್ನು ಬೀಗರ ನಡುವೆ, ಮೊಮ್ಮಕ್ಕಳ ನಡುವೆ ಎಷ್ಟು ಬೇಕಾದರೂ ತೆಗೆಯಿರಿ, ಅಡ್ಡಿಯಿಲ್ಲ. ಒಬ್ಬರನ್ನೇ ಕೂರಿಸಿ ತೆಗೆದಿರೋ, ಅದು ಹಾರ ಹಾಕುವ ಫೋಟೋ! ನಮ್ಮ ಮಾಮಾಗೋ ಮುದುಕರನ್ನು ಒಬ್ಬೊಬ್ಬರನ್ನಾಗಿಯೇ ತೆಗೆಯುವ ಹುಚ್ಚು.

ಒಮ್ಮೆ ಬೇವಿನ ಗಿಡದ ಕೆಳಗೆ ಕೂತಿದ್ದ ಅಜ್ಜನೊಬ್ಬನ ಎದುರು ಕ್ಯಾಮೆರಾ ಹಿಡಿದರು. ಒಳಗಿನಿಂದ ಮಗ ಉಣ್ಣುವ ಕೈಯಲ್ಲೇ ಓಡಿ ಬಂದ.

"ಏನ್ರಿ ಇದು? ನಮ್ಮಪ್ಪ ಇನ್ನಾ ಮೂರು ಜ್ವಾಳದ ರೊಟ್ಟಿ ಮುರಿತಾನ! ಯಾರ ಹೇಳಿದ್ರು ನಿಮಗ?"

"ಯಾರೂ ಹೇಳಿಲ್ಲೋ ಮಾರಾಯಾ. ಹಿಂಗ ಅಡ್ಡಾಡಾಕ ಬಂದೀನಿ. ಜರಾ ಕೈ ಪಳಗ್ಲಿ ಅಂತ."

"ಕೈ ಪಳಗಾಕ ನಮ್ಮಪ್ಪನೇ ಬೇಕೇನ್ರಿ? ಅಲ್ಲಿ ಎಮ್ಮಿ ನಿಂತೈತಲ್ಲ!"

ಮಾಮಾ ಎಮ್ಮೆಯದನ್ನೂ ತೆಗೆದರು. ಎಮ್ಮೆಯ ಮನೆಯವರು ಯಾರೂ ಜಗಳಕ್ಕೆ ಬರಲಿಲ್ಲ.

ತೆಗೆಯುವ ರೀತಿಯೂ ಬಸ್ಸಿನದೇ. ಎದುರಿಗಿದ್ದವರಿಗೆ "ಹೋಲ್ಡಾನ್!" ಎಂದು ಕೂಗುತ್ತಿದ್ದರು, ಗುಂಡಿ ಒತ್ತಿ "ರೈಟ್!" ಎನ್ನುತ್ತಿದ್ದರು. ಅಗ್ಗದ ಕ್ಯಾಮೆರಾ ನೋಡಿ, ಗುಂಡಿ ಒತ್ತಿದ ಮೇಲೆ ಅದು ನಿಧಾನ ಯೋಚನೆ ಮಾಡಿ ಆಮೇಲೆ ಫೋಟೋ ತೆಗೆಯುತ್ತಿತ್ತು. ಅಷ್ಟರಲ್ಲಿ ರೈಟ್ ಎಂದರಲ್ಲ ಎಂದು ಜನ ಎದ್ದು ಹೋಗಿರುತ್ತಿದ್ದರು. ಮೊದಲ ತಿಂಗಳ ಫೋಟೋಗಳಲ್ಲಿ ಇದ್ದದ್ದೆಲ್ಲ ಬರೀ ಬೆನ್ನು!

ಬರಬರುತ್ತ ಕೈ ಪಳಗಿತು, ಹೆಸರೂ ಹಬ್ಬಿತು. ಹಗಲಲ್ಲಿ ಬೈದವರ ಮನೆಯ ಮಕ್ಕಳೇ ಗುಟ್ಟಾಗಿ ಬಂದು ಕರೆಯತೊಡಗಿದರು. ಹತ್ತಿರದ ಹುಡಗಿ ಎಂಬ ಊರಿನಿಂದ ಒಬ್ಬ ಬಂದು, "ನಮ್ಮವ್ವಂದು ಒಂದು ತಗದು ಕೊಡ್ರಿ. ಆಕಿಗೆ ಗೊತ್ತಾಗಬಾರದ್ರಿ ಮತ್ತ" ಎಂದ. ಮಾಮಾ ಮರುದಿನ ಏನೂ ಅರಿಯದವರಂತೆ ಆ ಮನೆಯ ಮುಂದೆ ಸುಳಿದಾಡಿದರು. ಮುದುಕಿ ಕುಳಿತಲ್ಲಿಂದಲೇ ಕರೆದಳು.

"ಬಾರಪಾ, ಬಾ. ಯಾವ ಮಗ ಕಳಿಸ್ಯಾನ? ದೊಡ್ಡಾಂವೋ, ಸಣ್ಣಾಂವೋ?"

ಮಾಮಾಗೆ ಸುಳ್ಳು ಬಾಯಿಗೆ ಬರಲಿಲ್ಲ. "ಸಣ್ಣಾಂವ್ರಿ" ಎಂದುಬಿಟ್ಟರು.

"ಹಂಗಾರ ನತ್ತು ಕಾಣೂ ಹಂಗ ತಗಿ. ದೊಡ್ಡಾಂವನ ಹೇಣ್ತಿ ಕಣ್ಣು ಅದರ ಮ್ಯಾಲೈತಿ. ನಾಳೆ ನತ್ತು ಇದ್ದೇ ಇದ್ದಿಲ್ಲ ಅಂದಾಳು!"

ಮಾಮಾ ತಮ್ಮ ಮನೆಯಲ್ಲಿ ಕೂತು ಇದನ್ನು ಹೇಳಿದಾಗ ನಾವು ನಕ್ಕು ನಕ್ಕು ಸತ್ತೆವು. ನಗುತ್ತಲೇ ನಾನು ಕೇಳಿದೆ, "ಮಾಮಾ, ಊರವರ ಬೈಗುಳ ತಿಂದು ಇದೆಲ್ಲ ಯಾಕ ಬೇಕು ನಿಮಗ?" ಅವರು ಗೋಡೆಯ ಕಡೆ ಕೈ ತೋರಿಸಿದರು. ಅಲ್ಲಿ ಅವರ ತೀರಿಹೋದ ಹೆಂಡತಿ, ನಮ್ಮ ಅತ್ತೆಯ ಫೋಟೋ ಇತ್ತು. ಯಾರದೋ ಮದುವೆಯ ಗುಂಪು ಫೋಟೋದಲ್ಲಿ ಜೋಳದ ಕಾಳಿನಷ್ಟಿದ್ದ ಮುಖವನ್ನು ಕತ್ತರಿಸಿ ದೊಡ್ಡದು ಮಾಡಿಸಿದ್ದು. ಕಣ್ಣು, ಮೂಗು ಎಲ್ಲ ಮಬ್ಬು. ಹೆಗಲ ಹತ್ತಿರ ಇನ್ಯಾರದೋ ಮೊಣಕೈ.

"ಇದು ಆಕಿ ಅಲ್ಲ. ಮೂರು ವರ್ಷ ಆತು, ನಾ ದಿನಾ ಯಾರಿಗೋ ಊದಿನಕಡ್ಡಿ ಹಚ್ಚಾಕತ್ತೀನಿ" ಎಂದರು ಮಾಮಾ.

ಆ ವರ್ಷ ದೀಪಾವಳಿಯ ಹೊತ್ತಿಗೆ ಬಸವಕಲ್ಯಾಣದ ನಮ್ಮ ಮನೆಯಲ್ಲಿ ಅವ್ವ ಹಾಸಿಗೆ ಹಿಡಿದಳು. ಸೊಲ್ಲಾಪುರದ ಡಾಕ್ಟರು ನೋಡಿ, ಇನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದು ಕಳಿಸಿಬಿಟ್ಟರು. ಮಾಮಾ ದಿನಾ ಬೆಳಗಿನ ಬಸ್ಸಿಗೆ ಹುಮನಾಬಾದಿನಿಂದ ಬಂದು ಅಕ್ಕನ ಕಾಲ ಹತ್ತಿರ ಕೂರುತ್ತಿದ್ದರು. ಕ್ಯಾಮೆರಾ ಮಾತ್ರ ಜೋಳಿಗೆಯಿಂದ ಹೊರಗೆ ಬರುತ್ತಿರಲಿಲ್ಲ. ಕೊನೆಗೆ ಅವ್ವನೇ ಬಾಯಿ ಬಿಟ್ಟಳು.

"ತಮ್ಮಾ, ಊರ ಮಂದಿದೆಲ್ಲ ತಗದಿ. ನಂದ್ಯಾಕ ತಗಿವಲ್ಲಿ? ನನ್ನೂ ಮಬ್ಬ ಮಾಡಿ ಗ್ವಾಡಿಗೆ ಕುಂದ್ರಸ್ತೀಯೇನು?"

ಮಾಮಾ ಜೋಳಿಗೆಗೆ ಕೈ ಹಾಕಿ ಕ್ಯಾಮೆರಾ ಹೊರಗೆ ತೆಗೆದರು. ನಾನು ಅವ್ವನ ತಲೆ ಬಾಚಿ, ಇಳಕಲ್ ಸೀರೆ ಉಡಿಸಿ, ಬಾಗಿಲ ಬೆಳಕಿಗೆ ದಿಂಬಿಗೊರಗಿಸಿ ಕೂರಿಸಿದೆ. ಅವರು ತೆಗೆದರು. ಕ್ಯಾಮೆರಾದ ಹಿಂದಿನ ಪರದೆ ನೋಡಿ ತಲೆ ಅಲ್ಲಾಡಿಸಿದರು.

"ಅಲುಗೈತಿ ಅಕ್ಕಾ. ನಾಳೆ ತಗಿಯೂಣು."

ಮರುದಿನ ಬೆಳಕು ಸಾಲದಾಯಿತು. ಅದರ ಮರುದಿನದ ಫೋಟೋದಲ್ಲಿ ಅವ್ವ ಕಣ್ಣು ಮುಚ್ಚಿದ್ದಳಂತೆ! ಅವ್ವನಿಗೆ ಸಿಟ್ಟೇ ಬಂತು. "ಮೂವತ್ತು ವರ್ಷ ಟಿಕೀಟು ಹರದ ಕೈ ನಿಂದು, ಒಂದು ಗುಂಡಿ ಒತ್ತಾಕ ಬರವಲ್ದೇನು?" ಎಂದು ಬೈದಳು. ಬೈಯುವುದಕ್ಕಾದರೂ ಶಕ್ತಿ ಬೇಕಲ್ಲ, ಎರಡು ಚಮಚ ಗಂಜಿ ಹೆಚ್ಚಿಗೆ ಕುಡಿದಳು. ಬೆಳಗಾದರೆ ಮುಖ ತೊಳೆಸು, ತಲೆ ಬಾಚು ಎಂದು ನನ್ನ ಬೆನ್ನು ಹತ್ತುತ್ತಿದ್ದಳು. ಹೀಗೇ ಹನ್ನೊಂದು ದಿನ ನಡೆಯಿತು.

ಹನ್ನೊಂದನೆಯ ದಿನವೂ ಕೆಟ್ಟಿತೆಂದು ಹೇಳಿ ಮಾಮಾ ಕೈ ತೊಳೆಯಲು ಹಿತ್ತಲಿಗೆ ಹೋದರು. ಎಷ್ಟು ಕೆಟ್ಟಿರಬಹುದು ಎಂದು ನಾನು ಕ್ಯಾಮೆರಾ ಎತ್ತಿಕೊಂಡು ಒಂದೊಂದಾಗಿ ನೋಡುತ್ತ ಹೋದೆ. ಒಂದೂ ಅಲುಗಿರಲಿಲ್ಲ. ಒಂದರಲ್ಲೂ ಅವ್ವ ಕಣ್ಣು ಮುಚ್ಚಿರಲಿಲ್ಲ. ಹನ್ನೊಂದರಲ್ಲೂ ನಮ್ಮವ್ವ ಬರೊಬ್ಬರಿ ನಮ್ಮವ್ವನೇ ಆಗಿದ್ದಳು. ತಮ್ಮನನ್ನು ಬೈಯಲು ಅರ್ಧ ತೆರೆದ ಬಾಯಿಯೂ ಕಾಣುತ್ತಿತ್ತು. ನನ್ನ ಕಣ್ಣು ತುಂಬಿಬಂತು. ತಲೆ ಎತ್ತಿದರೆ ಮಾಮಾ ಹಿತ್ತಲ ಬಾಗಿಲಲ್ಲಿ ಒದ್ದೆ ಕೈಯಲ್ಲೇ ನಿಂತು ನನ್ನನ್ನು ನೋಡುತ್ತಿದ್ದರು.

"ಏನ್ ನೋಡಾಕತ್ತೀಯವ್ವಾ?" ಎಂದು ಅವ್ವ ಹಾಸಿಗೆಯಿಂದ ಕೇಳಿದಳು. "ಇವತ್ತರ ಛಲೋ ಬಂದೈತೇನು?"

"ಇಲ್ಲವ್ವಾ," ಎಂದೆ ನಾನು. "ಇವತ್ತೂ ಬಂದಿಲ್ಲ."

"ಹಂಗಾರ ನಾಳೆ ಜಲ್ದಿ ಬಾ ಅನ್ನು ಅವಗ," ಎಂದಳು ಅವ್ವ. "ನಾಳೆ ನನಗ ಹಸರ ಸೀರಿ ಉಡಸು."