ಎರ್ಸೀಲಿಯಾಳ ಷರಾಯಿ

“ಇಡೀ ಫೆರಾರಾ ಊರು ನಿನ್ನ ಕಾಲು ನೋಡುತ್ತೆ ಕಣೇ! ಗಂಡ ಅಂತ ನಾನೊಬ್ಬ ಬದುಕಿದೀನಿ, ನೆನಪಿದೆಯಾ?”

“ನೆನಪಿಲ್ದೆ ಏನು? ಕೊನೇ ಅಂಕದಲ್ಲಿ ನಿಮ್ಮನ್ನ ಕೊಲ್ಲೋಳು ನಾನೇ ತಾನೇ. ಆ ಬೂಟು ಇತ್ಲಾಗೆ ಕೊಡಿ.”

ಫುಲ್ವಿಯೊ ಬೂಟು ಕೊಟ್ಟ. ಹೊಸ ಒಪೆರಾದ ಮೊದಲ ಪ್ರದರ್ಶನ ಅಂದೇ ಸಂಜೆ. ವೀರನಾಯಕನ ಪಾತ್ರ ಆ ಕಾಲದ ಪದ್ಧತಿಯಂತೆ ತಗ್ಗು ಕಂಠದ ಹೆಂಗಸಿಗೆ, ಎಂದರೆ ಅವನ ಹೆಂಡತಿ ಎರ್ಸೀಲಿಯಾಳಿಗೆ. ಸಾಕ್ಷಾತ್ ಗಡ್ಡಮೀಸೆ ಹೊತ್ತ ಫುಲ್ವಿಯೊಗೆ ದುಷ್ಟರಾಜನ ಪಾತ್ರ. ಸಾಯುವ ಮುಂಚೆ ಒಂದೇ ಒಂದು ಸಲ ನಾಯಕನಾಗಬೇಕು, ನಾಯಕಿಯನ್ನು ತಬ್ಬಿ ಹಾಡಿ ಚಪ್ಪಾಳೆ ಗಿಟ್ಟಿಸಬೇಕು ಎಂಬ ಆಸೆ ಪಾಪ ಅವನನ್ನು ಹಗಲೂ ರಾತ್ರಿ ಕೊರೆಯುತ್ತಿತ್ತು. ಅದಕ್ಕೇ ಬೆಳಿಗ್ಗೆ ಹೆಂಡತಿಗೆ ತಿಳಿಯದಂತೆ ಒಂದು ಘನಕಾರ್ಯ ಮಾಡಿ ಬಂದಿದ್ದ.

“ವಕೀಲರ ಹೆಂಡತಿ ತಾಲೀಮಿಗೇ ಹೂವು ಕಳಿಸಿದಾಳೆ, ನಿನಗೆ! ನನಗೇನು ಬಂತು?”

“ಅಣಕದ ಶಿಳ್ಳೆ ಬಂತಲ್ಲ.”

“ಗಂಡಸಿನ ಪಾತ್ರ ಗಂಡಸೇ ಮಾಡ್ಬೇಕು. ಅದು ಪ್ರಕೃತಿ ನಿಯಮ!”

“ಓಹೋ! ರೋಮ್‌ನಲ್ಲಿ ನಿಮ್ಮ ಗುರುಗಳು ಹೊಟ್ಟೆ ಬಿಗಿದು ರಾಜಕುಮಾರಿ ಆಗ್ತಿದ್ರಲ್ಲ, ಆಗ ಪ್ರಕೃತಿ ಎಲ್ಲಿಗೆ ಹೋಗಿತ್ತು?”

“ಅಲ್ಲಿ ಹೆಂಗಸರು ರಂಗ ಹತ್ತೋ ಹಾಗಿರ್ಲಿಲ್ಲ. ಅದು ಧರ್ಮ.”

“ಗಂಡಸು ಲಂಗ ಉಟ್ರೆ ಧರ್ಮ, ಹೆಂಗಸು ಷರಾಯಿ ಹಾಕಿದ್ರೆ ಕಾಲು! ಚೆನ್ನಾಗಿದೆ ಕಣ್ರೀ.”

ಬಾಗಿಲು ಬಡಿದ ಸದ್ದಾಯಿತು. ನಾಟಕಗಳ ಮೇಲೆ ಕಣ್ಣಿಡಲು ಸರ್ಕಾರ ನೇಮಿಸಿದ್ದ ಸಿನ್ಯೋರ್ ಬಾಲ್ದುಚ್ಚಿ ಒಳಗೆ ಬಂದು ಟೋಪಿ ತೆಗೆದ.

“ಷರಾಯಿ ಬಗ್ಗೆ ದೂರು ಕೊಟ್ಟೋರು ತಾವೇ ಅಲ್ವಾ, ಸಿನ್ಯೋರ್ ಫುಲ್ವಿಯೊ?”

ಎರ್ಸೀಲಿಯಾ ಗಂಡನನ್ನು ನೋಡಿದಳು. ಫುಲ್ವಿಯೊ ಚಾವಣಿ ನೋಡಿದ.

“ದೂರಾ? ನನ್ನ ಮೇಲಾ? ಬೆಳಿಗ್ಗೆ ಬ್ರೆಡ್ ತರ್ತೀನಿ ಅಂತ ಹೋಗಿದ್ರಲ್ರೀ!”

“ಬ್ರೆಡ್ಡೂ ತಂದಿದೀನಲ್ಲೇ...”

“ದೂರು ನ್ಯಾಯವಾಗಿದೆ,” ಎಂದ ಬಾಲ್ದುಚ್ಚಿ. “ಹೆಣ್ಣಿನ ಕಾಲು ಕಂಡ್ರೆ ಊರು ಕೆಡುತ್ತೆ.”

ಫುಲ್ವಿಯೊ ಎದೆಯುಬ್ಬಿಸಿದ. “ನಾಯಕನ ಹಾಡೆಲ್ಲ ನನಗೆ ಬಾಯಿಪಾಠ ಸ್ವಾಮೀ. ಈಗ್ಲೇ ಕವಚ ತೊಟ್ಕೋತೀನಿ.”

“ತಡೀರಿ. ಈ ನಾಯಕ ನಾಯಕೀನ ಮುಟ್ತಾನಾ?”

“ತಬ್ತಾನೆ,” ಎಂದಳು ಎರ್ಸೀಲಿಯಾ. “ಜೈಲಿನ ದೃಶ್ಯದಲ್ಲಂತೂ ಬಿಡೋದೇ ಇಲ್ಲ.”

“ಗಂಡಸು? ಪರಸ್ತ್ರೀನ? ನಾಟಕ ನೋಡೋಕೆ ಬರೋ ಬಿಷಪ್ಪರ ತಂಗಿ ಮುಂದೆ? ಶಾಂತಂ ಪಾಪಂ! ಹೆಂಗಸು ಹೆಂಗಸನ್ನ ತಬ್ಕೊಂಡ್ರೆ ಅಕ್ಕತಂಗಿ ವಾತ್ಸಲ್ಯ. ತಾವೇ ಹಾಡಿ ತಾಯಿ.”

“ಮತ್ತೆ ಕಾಲು?” ಫುಲ್ವಿಯೊ ಕಿರುಚಿದ.

“ಬೂಟು ತೊಡೆವರೆಗೂ ಏರ್ಲಿ. ಕಾಲು ಎಲ್ಲಿ ಕಾಣುತ್ತೆ? ಅಂದ ಹಾಗೆ, ತಮ್ಮ ದುಷ್ಟರಾಜ ನಾಯಕೀನ ಏನು ಮಾಡ್ತಾನೆ?”

“ಏನೂ ಇಲ್ಲ ಸ್ವಾಮೀ, ಬರೀ ಗದರಿಸ್ತಾನೆ...”

“ಸೊಂಟ ಹಿಡಿದು ಎತ್ಕೊಂಡು ಹೋಗ್ತಾನೆ,” ಎಂದಳು ಧರ್ಮಪತ್ನಿ.

ಬಾಲ್ದುಚ್ಚಿ ಶಿಲುಬೆ ಗುರುತು ಮಾಡಿಕೊಂಡ. “ಆ ಪಾತ್ರಾನೂ ಹೆಂಗಸೇ ಹಾಡ್ಬೇಕು. ಇಲ್ದಿದ್ರೆ ನಾಟಕಶಾಲೆಗೆ ಬೀಗ!”

“ದಾದಿ ಪಾತ್ರದ ಕಮೀಲಾ ಹಾಡ್ತಾಳೆ ಬಿಡಿ. ತಾಲೀಮಲ್ಲಿ ಇವರು ಮರೆತಾಗೆಲ್ಲ ಹೇಳಿಕೊಡೋಳು ಅವಳೇ.”

“ಹಾಗಾದ್ರೆ ದಾದಿ ಯಾರು?” ಎಂದ ಬಾಲ್ದುಚ್ಚಿ.

ಇಬ್ಬರೂ ಫುಲ್ವಿಯೊನ ಕಡೆ ತಿರುಗಿದರು. ಅವನ ಕೈ ತಾನಾಗಿಯೇ ಗಡ್ಡದ ಮೇಲೆ ಹೋಯಿತು.

“ಸ್ವಾಮೀ, ನಾನು ಗಂಡಸು! ದಾದಿ ನಾಯಕಿಗೆ ತಲೆ ಬಾಚ್ತಾಳೆ, ಮುಟ್ಲೇಬೇಕು!”

“ಲಂಗ ಉಟ್ಟ ಮೇಲೆ ತಾವು ತಾಯಿ ಸಮಾನ. ಗಡ್ಡಮೀಸೆ ಮಾತ್ರ ತೆಗೀಬೇಕು.”

ಸಂಜೆ ದೀಪ ಹಚ್ಚುವ ಹೊತ್ತಿಗೆ ನುಣ್ಣನೆಯ ಗಲ್ಲದ ಫುಲ್ವಿಯೊ ಪರದೆಯ ಹಿಂದೆ ಬಾಚಣಿಗೆ ಹಿಡಿದು ನಿಂತಿದ್ದ. ಕಮೀಲಾ ಕುಳ್ಳಿ. ಅವಳ ಲಂಗ ಅವನ ಮೊಣಕಾಲಿಗೇ ಮುಗಿದಿತ್ತು. ಅಳು ಬರುವಂತಿತ್ತು ಅವನಿಗೆ.

“ಎರ್ಸೀ, ಇಡೀ ಊರು ನನ್ನ ಕಾಲು ನೋಡುತ್ತೆ ಕಣೇ!”

ಎರ್ಸೀಲಿಯಾ ಶಿರಸ್ತ್ರಾಣ ಏರಿಸಿ, ಸೊಂಟದ ಕತ್ತಿ ಸರಿಮಾಡಿಕೊಂಡಳು.

“ನೋಡ್ಲಿ ಬಿಡಿ. ಹೆಂಡತಿ ಅಂತ ನಾನೊಬ್ಬಳು ಬದುಕಿದೀನಿ. ಯಾವನಾದ್ರೂ ಕಣ್ಣು ಹಾಕಿದ್ರೆ ಕೂಗಿ, ಬರ್ತೀನಿ.”