ಮೀಟರಿಗೊಂದು ಬೊಟ್ಟು

ನನ್ನ ಸೋದರಮಾವ ದಿನಕ್ಕೆ ನಾಲ್ಕು ಸಲವಾದರೂ ವಿಮಾನ ಕೆಡಿಸುತ್ತಾರೆ, ಅದಕ್ಕೆ ಸಂಬಳವನ್ನೂ ಪಡೆಯುತ್ತಾರೆ ಎಂದರೆ ನಂಬುತ್ತೀರಾ? ನಂಬಲೇಬೇಕು! ಬೆಳ್ಳಂದೂರಿನಾಚೆ ಒಂದು ಕಟ್ಟಡದಲ್ಲಿ ನೆಲ ಬಿಟ್ಟು ಏಳದ ವಿಮಾನವಿದೆ, ಪೈಲಟ್‌ಗಳು ಕಲಿಯುವ ಸಿಮ್ಯುಲೇಟರ್. ಕಲಿಯುವವರ ಬೆನ್ನ ಹಿಂದೆ ಕೂತು ಒಂದೊಂದೇ ಯಂತ್ರ ಕೆಡಿಸುವ ಗುರುಗಳೇ ನಮ್ಮ ಮಾಮ.

ತಾನಾಗಿ ನಡೆಯುವ ಯಾವುದನ್ನೂ ಅವರು ನಂಬುವುದಿಲ್ಲ. ಸರ್ಜಾಪುರದ ಮನೆಯಲ್ಲಿ ಟ್ಯಾಂಕ್ ತುಂಬಿದೊಡನೆ ಮೋಟಾರ್ ನಿಲ್ಲಿಸುವ ಸೆನ್ಸರ್ ಇತ್ತು. ಅದರ ವೈರು ಕಿತ್ತು ಹಾಕಿದರು. ನೀರು ಬೀಳುವ ಸದ್ದು ಕೇಳಿಕೊಂಡೇ, ಪೇಪರಿನಿಂದ ತಲೆ ಎತ್ತದೆ, ಇನ್ನೊಂದು ಬಕೆಟ್ ಹಿಡಿಯುತ್ತದೆ, ಆಫ್ ಮಾಡಿ ಎನ್ನುತ್ತಾರೆ. ನಾನೊಮ್ಮೆ ತಾರಸಿ ಹತ್ತಿ ನೋಡಿದೆ. ಸರಿಯಾಗಿ ಒಂದೇ ಬಕೆಟ್! ಅಲ್ಲಿಯವರೆಗೆ ಆ ಟ್ಯಾಂಕ್ ಒಂದು ದಿನವೂ ತುಂಬಿ ಹರಿದಿರಲಿಲ್ಲ.

ಇನ್ನು ಕಾರಿನ ರಿವರ್ಸ್ ಕ್ಯಾಮೆರಾಕ್ಕೆ ಅತ್ತೆಯ ಸ್ಟಿಕ್ಕರ್ ಬೊಟ್ಟು ಅಂಟಿಸಿದ್ದಾರೆ. ಸಿಮ್ಯುಲೇಟರಿನಲ್ಲೂ ಅದೇ ಕೆಲಸ: ಮೀಟರಿನ ಮೇಲೆ ಬೊಟ್ಟು ಅಂಟಿಸಿ, ಈಗ ಹಾರಿಸಿ ನೋಡೋಣ ಎನ್ನುವುದು. "ನನ್ ಹಣೆಗಿಂತ ಇವ್ರ ಮಿಷನ್‌ಗಳಿಗೇ ಬೊಟ್ಟು ಜಾಸ್ತಿ ಕಣ್ರೀ" ಎಂದು ಅತ್ತೆ ಬಂದವರ ಮುಂದೆಲ್ಲ ದೂರುತ್ತಾರೆ.

ನನ್ನ ತಂಗಿ ಪೈಲಟ್ ಆಗಲು ಹೊರಟು ಇಂಥವರ ಕೈಗೇ ಸಿಕ್ಕಳು. ಸಿಮ್ಯುಲೇಟರ್ ಪರೀಕ್ಷೆಯಲ್ಲಿ ಆಟೊಪೈಲಟ್ ಕೈಕೊಟ್ಟಾಗ ವಿಮಾನವನ್ನು ತಾನು ಹಿಡಿತಕ್ಕೆ ತೆಗೆದುಕೊಳ್ಳುವುದು ಬಿಟ್ಟು, ಗುಂಡಿ ಒತ್ತುತ್ತಾ ಕೂತಳು. ಅಕ್ಕನ ಮಗಳೆಂದೂ ನೋಡದೆ ಮಾಮ ಫೇಲ್ ಮಾಡಿದರು! ಅಮ್ಮ ತಮ್ಮನ ಜೊತೆ ಮಾತೇ ಬಿಟ್ಟರು. ನಾನೂ ಜಗಳಕ್ಕೆ ಹೋದೆ.

"ಅಕ್ಕ ಮಾತು ಬಿಟ್ರೆ ಬಿಡ್ಲಿ ಕಣೋ. ಹಾರೋಕೆ ಹೋದ ಹುಡುಗಿ ವಾಪಸ್ ಮನೆಗೆ ಬರ್ಬೇಕು" ಎಂದರು ಮಾಮ. ಮತ್ತೆ ಕೂರಿಸಿ, ಬರಿಗೈಯಲ್ಲಿ ಹಾರಿಸುವುದು ಕಲಿಸಿ, ಪಾಸು ಮಾಡಿದರು.

ಹೋದ ತಿಂಗಳು ಅವರ ಮನೆಯಲ್ಲಿದ್ದೆ. ಮಾಮ ಮೋಟಾರ್ ಹಾಕಿ ಪೇಪರ್ ಹಿಡಿದಿದ್ದರು. ತಂಗಿಯ ಫೋನ್ ಬಂತು, ಸ್ಪೀಕರಿಗೆ ಹಾಕಿದರು. ಮೋಡದ ನಡುವೆ ಅವಳ ವಿಮಾನದ ವೇಗದ ಮೀಟರುಗಳು ಒಂದೊಂದು ಒಂದೊಂದು ಲೆಕ್ಕ ತೋರಿಸಿ, ಆಟೊಪೈಲಟ್ ಕೈಚೆಲ್ಲಿತಂತೆ. ಹಿಂದೆ ನೂರಾರು ಪ್ರಯಾಣಿಕರು.

"ಮನಸ್ಸಲ್ಲೇ ಆ ಮೀಟರ್‌ಗಳಿಗೆ ಅತ್ತೆ ಬೊಟ್ಟು ಅಂಟಿಸ್ಬಿಟ್ಟೆ ಮಾಮ. ಕೈಯಲ್ಲೇ ಹಿಡ್ಕೊಂಡೆ. ಎಲ್ರೂ ಇಳಿದ್ರು."

ಮಾಮ "ಊಟ ಮಾಡ್ದೇನಮ್ಮ?" ಎಂದಷ್ಟೇ ಕೇಳಿದರು. ಫೋನ್ ಇಟ್ಟು, ಕನ್ನಡಕ ತೆಗೆದು, ಪೇಪರಿನಲ್ಲಿ ಮುಖ ಮುಚ್ಚಿಕೊಂಡರು.

ಹೊರಗೆ ಟ್ಯಾಂಕ್ ತುಂಬಿ ನೀರು ಧೋ ಎಂದು ಅಂಗಳಕ್ಕೆ ಸುರಿಯುತ್ತಿತ್ತು. ಮಾಮನಿಗೆ ಕೇಳಿಸಲೇ ಇಲ್ಲ. ನಾನೇ ಎದ್ದು ಹೋಗಿ ಮೋಟಾರ್ ಆಫ್ ಮಾಡಿದೆ.